ಶಿಶುವಿನ ಹಣೆಬರಹವೂ ಆಸ್ಪತ್ರೆಯ ಬರಹವೂ

ಕೂಸು ಹುಟ್ಟಿದ ಐದನೆಯ ರಾತ್ರಿ ಸಟವಿ ಬಂದು ಅದರ ಹಣೆಯ ಮೇಲೆ ಬರೆದುಹೋಗುವಳೆಂಬ ನಂಬುಗೆ ನಮ್ಮ ಉತ್ತರದ ಜಿಲ್ಲೆಗಳ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆ ನಂಬುಗೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ದುಃಖವನ್ನು ಹೊರುವ ಮನುಷ್ಯನಿಗೆ ಒಂದು ಆಸರೆ ಬೇಕೇ ಬೇಕು. ಆದರೆ ಹೆರಿಗೆಯ ಕೋಣೆಯಲ್ಲಿ ಗಂಟೆಗಟ್ಟಲೆ ಯಾರೂ ತಿರುಗಿ ನೋಡದೆ ಉಸಿರುಗಟ್ಟಿ ಹುಟ್ಟಿದ ಕೂಸು, ಮೂರು ವರ್ಷ ತುಂಬಿದರೂ ಕತ್ತು ನಿಲ್ಲಿಸಲಾರದೆ ತಾಯಿಯ ತೊಡೆಯ ಮೇಲೆ ಬಿದ್ದಿರುವಾಗ, ಎಲ್ಲವನ್ನೂ ಸಟವಿಯ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ಧರ್ಮವೂ ಅಲ್ಲ, ವಿವೇಕವೂ ಅಲ್ಲ. ಸಟವಿಯ ಬರಹವನ್ನು ಓದಬಲ್ಲವರಿಲ್ಲ. ಆಸ್ಪತ್ರೆಯ ಬರಹವನ್ನು ಓದಬಲ್ಲವರಿದ್ದಾರೆ. ಅದನ್ನು ಕೇಳಿ ಪಡೆಯುವ ಹಕ್ಕು ತಂದೆತಾಯಿಗಳಿಗಿದೆ. ಅದನ್ನು ಓದಿಸಿ ವಾದಿಸುವುದಕ್ಕೆ ಖರ್ಚಿಲ್ಲದೆ ಒಬ್ಬ ವಕೀಲರನ್ನು ಕೊಡುವ ಹೊಣೆಯನ್ನು ಸರಕಾರವೇ ಕಾಯಿದೆಯ ಮೂಲಕ ಹೊತ್ತಿದೆ. ಈ ಮೂರನೆಯ ಸಂಗತಿಯನ್ನು ಅರಿತವರು ಪಟ್ಟಣದ ವಿದ್ಯಾವಂತರಲ್ಲಿಯೂ ವಿರಳ. ಅದನ್ನು ವಾಚಕರ ಮುಂದಿಡುವುದಕ್ಕಾಗಿಯೇ ಈ ಲೇಖನ.

ಮೊದಲು ರೋಗದ ಮಾತು. ಹೆರಿಗೆಯ ವೇಳೆಯಲ್ಲಿ ಶಿಶುವಿನ ಮೆದುಳಿಗೆ ಪ್ರಾಣವಾಯು ಸಾಲದೆ ಹೋದರೆ ಮೆದುಳು ಬೇಯುತ್ತದೆ. ಮುಂದೆ ಅದು ಕೈಕಾಲುಗಳ ಬಿಗಿತವಾಗಿ, ಮೂರ್ಛೆಯಾಗಿ, ಮಾತು ಬಾರದಿರುವಿಕೆಯಾಗಿ ಕಾಣಿಸಿಕೊಳ್ಳಬಹುದು. ಇದನ್ನು ಮೆದುಳಿನ ಪಾರ್ಶ್ವವಾಯು, ಎಂದರೆ ಸೆರೆಬ್ರಲ್ ಪಾಲ್ಸಿ ಎಂದು ವೈದ್ಯರು ಕರೆಯುವರು. ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಂಡು, ಅವಸರದಲ್ಲಿ ಕತ್ತನ್ನು ಬಲವಾಗಿ ಎಳೆದಾಗ ತೋಳಿನ ನರಗಳು ಹರಿದು ಒಂದು ಕೈ ಸೋತುಹೋಗುವುದುಂಟು. ಹುಟ್ಟಿದ ಮೂರು ನಾಲ್ಕು ದಿನಗಳಲ್ಲಿ ಏರುವ ಕಾಮಾಲೆಯನ್ನು "ಎಳೆಬಿಸಿಲಿಗೆ ಹಿಡಿಯಿರಿ, ಇಳಿಯುತ್ತದೆ" ಎಂದು ಕಳುಹಿಸಿಬಿಟ್ಟರೆ, ಮಿತಿ ಮೀರಿದ ಪಿತ್ತವರ್ಣವು ಮೆದುಳನ್ನು ಸೇರಿ ಕಿವಿಯನ್ನೂ ನಡಿಗೆಯನ್ನೂ ಕೆಡಿಸುವುದುಂಟು. ನೀಲಿ ಬೆಳಕಿನ ಕೆಳಗೆ ಒಂದೆರಡು ದಿನ ಮಲಗಿಸಿದ್ದರೆ ಬಹುಪಾಲು ತಪ್ಪಬಹುದಾದ ಅನರ್ಥವದು.

ಆದರೆ ಹುಟ್ಟಿನಿಂದ ಬಂದ ಪ್ರತಿಯೊಂದು ಊನವೂ ವೈದ್ಯರ ಅಪರಾಧವಲ್ಲ. ಈ ಮಾತನ್ನು ಹೇಳದೆ ಮುಂದೆ ಹೋಗುವುದು ಪತ್ರಿಕಾಧರ್ಮಕ್ಕೆ ಸಲ್ಲದು. ಇಂಗ್ಲೆಂಡಿನ ವಿಲಿಯಂ ಜಾನ್ ಲಿಟ್ಲ್ ಎಂಬ ವೈದ್ಯನು 1861ರಲ್ಲಿ, ಕಷ್ಟದ ಹೆರಿಗೆಗೂ ಮಕ್ಕಳ ಕಾಲುಬಿಗಿತಕ್ಕೂ ಸಂಬಂಧವುಂಟೆಂದು ಪ್ರತಿಪಾದಿಸಿದನು. ಮನಶ್ಶಾಸ್ತ್ರದಿಂದ ಮುಂದೆ ಜಗತ್ಪ್ರಸಿದ್ಧನಾದ ಸಿಗ್ಮಂಡ್ ಫ್ರಾಯ್ಡನು, ತಾನು ನರವೈದ್ಯನಾಗಿದ್ದ ಕಾಲದಲ್ಲಿ, ಹೆರಿಗೆ ಕಷ್ಟವಾದುದೇ ಗರ್ಭದೊಳಗಿನ ಯಾವುದೋ ಮುಂಚಿನ ದೋಷದ ಫಲವಿರಬಹುದೆಂದು ಶಂಕಿಸಿದನು. ಇಂದಿನ ವೈದ್ಯಶಾಸ್ತ್ರವು ಈ ಶಂಕೆಯಲ್ಲಿ ಹುರುಳಿದೆಯೆಂದು ಒಪ್ಪಿದೆ. ಅಕಾಲಜನನ, ಗರ್ಭದಲ್ಲಿಯೇ ತಗಲಿದ ಸೋಂಕು, ವಂಶವಾಹಿಯ ದೋಷ ಇವೆಲ್ಲ ಕಾರಣಗಳಿರುತ್ತವೆ; ಹೆರಿಗೆಯ ಹೊತ್ತಿನ ಉಸಿರುಗಟ್ಟುವಿಕೆಯೊಂದೇ ಕಾರಣವಾಗಿರುವ ಮಕ್ಕಳು ಅಲ್ಪಸಂಖ್ಯಾತರು. ಹಾಗಾದರೆ ಯಾವುದು ದೈವ, ಯಾವುದು ನಿರ್ಲಕ್ಷ್ಯ ಎಂದು ಗೊತ್ತುಮಾಡುವ ಬಗೆ ಹೇಗೆ?

ಇಲ್ಲಿಯೇ ಆಸ್ಪತ್ರೆಯ ಬರಹದ ಮಹತ್ವ. ಹೆರಿಗೆಯ ನೋವು ಬಲಿತ ಮೇಲೆ ಗರ್ಭದ್ವಾರ ಎಷ್ಟು ತೆರೆಯಿತು, ಶಿಶುವಿನ ಎದೆಬಡಿತ ನಿಮಿಷಕ್ಕೆ ಎಷ್ಟು, ನೋವು ಎಷ್ಟು ಹೊತ್ತಿಗೊಮ್ಮೆ ಬರುತ್ತಿದೆ ಎಂಬುದನ್ನು ಪಾರ್ಟೋಗ್ರಾಫ್ ಎಂಬ ಒಂದೇ ಹಾಳೆಯಲ್ಲಿ ಹೊತ್ತುಹೊತ್ತಿಗೆ ಗುರುತಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯು ಈ ಹಾಳೆಯನ್ನು ಪರಿಷ್ಕರಿಸಿ 2020ರಲ್ಲಿ ಹೊಸ ರೂಪದಲ್ಲಿ ಹೊರಡಿಸಿತು. ನಮ್ಮ ಕೇಂದ್ರ ಸರಕಾರವು 2017ರ ಡಿಸೆಂಬರಿನಲ್ಲಿ "ಲಕ್ಷ್ಯ" ಎಂಬ ಹೆಸರಿನಿಂದ ಹೆರಿಗೆಯ ಕೋಣೆಗಳ ಸುಧಾರಣೆಯನ್ನು ಕೈಕೊಂಡಿತು. ಹಾಳೆಯೇನೋ ಇದೆ. ಅದನ್ನು ಹೆರಿಗೆಯಾದ ಮೇಲೆ ಕುಳಿತು ಒಂದೇ ಶಾಯಿಯಲ್ಲಿ ಒಂದೇ ಉಸಿರಿಗೆ ತುಂಬಿದ್ದರೆ, ನುರಿತ ಕಣ್ಣಿಗೆ ಅದು ಗೊತ್ತಾಗದೆ ಇರದು. ನೋವು ಬರಿಸುವ ಆಕ್ಸಿಟೋಸಿನ್ ಎಂಬ ಔಷಧವನ್ನು ಎಷ್ಟು ಹನಿಯಂತೆ ಬಿಡಲಾಯಿತು ಎಂಬ ಲೆಕ್ಕವೂ ಅಷ್ಟೇ ಮುಖ್ಯ. ಅದು ಅತಿಯಾದರೆ ಗರ್ಭಕೋಶ ಬಿಡುವಿಲ್ಲದೆ ಹಿಂಡಿ ಶಿಶುವಿಗೆ ರಕ್ತ ಸಾಲದಾಗುತ್ತದೆ. ಬೇಗ ಮುಗಿಯಲೆಂದು ಬಸುರಿಯ ಹೊಟ್ಟೆಯನ್ನು ಮೇಲಿನಿಂದ ಒತ್ತುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಬೇಡವೆಂದು ಹೇಳಿದೆ. ಕೂಸು ಹುಟ್ಟಿದ ಮೇಲೆ ಬೇಗನೆ ಅತ್ತಿತೆ, 1953ರಲ್ಲಿ ವರ್ಜೀನಿಯಾ ಆಪ್ಗರ್ ಎಂಬ ವೈದ್ಯೆ ಪ್ರಕಟಿಸಿದ ಅಂಕಪದ್ಧತಿಯಂತೆ ಅದಕ್ಕೆ ಎಷ್ಟು ಅಂಕ ಬಂದಿತು, ಹೊಕ್ಕುಳಬಳ್ಳಿಯ ರಕ್ತದ ಆಮ್ಲತೆ ಎಷ್ಟು, ಮೆದುಳು ನೊಂದ ಶಿಶುವಿನ ಮೈಯನ್ನು ತಂಪಿನಲ್ಲಿಡುವ ಚಿಕಿತ್ಸೆಗೆ ಮೀಸಲಾದ ಮೊದಲ 6 ಗಂಟೆಗಳೊಳಗೆ ದೊಡ್ಡ ಆಸ್ಪತ್ರೆಗೆ ಸಾಗಿಸಿದರೆ, ಈ ಪ್ರಶ್ನೆಗಳಿಗೆಲ್ಲ ಉತ್ತರವಿರುವುದು ಕಾಗದದಲ್ಲಿ. ನೆರೆಹೊರೆಯವರ ಬಾಯಲ್ಲಿ ಅಲ್ಲ.

ಆ ಕಾಗದವನ್ನು ಕೊಡಲು ಆಸ್ಪತ್ರೆಯವರು ಹಿಂದೆಮುಂದೆ ನೋಡುವರು. "ದೊಡ್ಡ ಡಾಕ್ಟರು ಊರಲ್ಲಿಲ್ಲ", "ಕೀಲಿಕೈ ಗುಮಾಸ್ತೆಯ ಬಳಿಯಿದೆ" ಎಂಬಿತ್ಯಾದಿ ಉತ್ತರಗಳು ಬರುತ್ತವೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನಡತೆಯ ನಿಯಮಗಳ ಪ್ರಕಾರ, ರೋಗಿಯಾಗಲಿ ಅವನ ಕಡೆಯ ಅಧಿಕೃತರಾಗಲಿ ಕೇಳಿದ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡತಕ್ಕದ್ದು. ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ತೊಡಗಿದ ದಿನದಿಂದ 3 ವರ್ಷ ಕಾಯ್ದಿಡತಕ್ಕದ್ದು. ಆದುದರಿಂದ ಕೇಳುವುದನ್ನು ಬಾಯಿಮಾತಿನಲ್ಲಿ ಕೇಳದೆ ಬರೆದು ಕೊಟ್ಟು, ಮುಟ್ಟಿದುದಕ್ಕೆ ಸಹಿ ಪಡೆಯುವುದು ಲೇಸು. ಮಗು ಕತ್ತು ನಿಲ್ಲಿಸುತ್ತಿಲ್ಲವೆಂದು ಅಜ್ಜಿಗೆ ಅನುಮಾನ ಬರುವುದು ಆರೇಳು ತಿಂಗಳಿಗೆ. ದೊಡ್ಡ ಊರಿನ ವೈದ್ಯರು ಕಾಯಿಲೆಗೆ ಹೆಸರಿಡುವುದು ಎರಡನೆಯ ವರ್ಷಕ್ಕೆ. ನಡುವೆ ದೇವರು, ಹರಕೆ, ಎಣ್ಣೆ, ತೈಲ. ಅಷ್ಟರಲ್ಲಿ ಮೂರು ವರ್ಷ ಮುಗಿದು ಕಾಗದ ರದ್ದಿಗೆ ಹೋಗಿರುತ್ತದೆ.

ಇನ್ನು ನ್ಯಾಯಸ್ಥಾನದ ಬಾಗಿಲುಗಳು. 1995ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಹಣ ತೆಗೆದುಕೊಂಡು ಮಾಡುವ ಚಿಕಿತ್ಸೆಯು ಗ್ರಾಹಕ ಕಾಯಿದೆಯ ಅರ್ಥದಲ್ಲಿ "ಸೇವೆ"ಯೇ ಎಂದು ತೀರ್ಮಾನಿಸಿತು. ಕೆಲವರಿಂದ ಹಣ ಪಡೆದು ಕೆಲವರಿಗೆ ಧರ್ಮಾರ್ಥವಾಗಿ ನೋಡುವ ಆಸ್ಪತ್ರೆಯಲ್ಲಿ ಧರ್ಮಾರ್ಥದ ರೋಗಿಗೂ ಈ ಹಕ್ಕು ದೊರೆಯಿತು. 1998ರ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ತಪ್ಪು ಸೂಜಿಮದ್ದಿನಿಂದ ಮೆದುಳು ಕೆಟ್ಟ ಮಗುವೂ, ಅದನ್ನು ಕರೆತಂದ ತಂದೆತಾಯಿಗಳೂ ಬೇರೆಬೇರೆಯಾಗಿ ಪರಿಹಾರಕ್ಕೆ ಅರ್ಹರೆಂದು ಹೇಳಿತು. 2019ರ ಹೊಸ ಗ್ರಾಹಕ ಕಾಯಿದೆಯ ಕಲಮಿನಲ್ಲಿ ಆರೋಗ್ಯವೆಂಬ ಪದ ಕಾಣದಾಗ ವೈದ್ಯರ ಕಡೆಯ ಒಂದು ಸಂಸ್ಥೆ ತಾವು ಹೊರಗುಳಿದೆವೆಂದು ವಾದಿಸಿತು. ಮುಂಬಯಿ ಹೈಕೋರ್ಟು 2021ರಲ್ಲಿಯೂ ಸುಪ್ರೀಂ ಕೋರ್ಟು 2022ರಲ್ಲಿಯೂ ಆ ವಾದವನ್ನು ತಳ್ಳಿಹಾಕಿದವು. ಈ ಕಾಯಿದೆಯಂತೆ ಯಾವ ಆಯೋಗಕ್ಕೆ ಹೋಗಬೇಕೆಂಬುದು, ಕೇಳುವ ಪರಿಹಾರದ ಮೊತ್ತದ ಮೇಲಲ್ಲ, ಆಸ್ಪತ್ರೆಗೆ ಕೊಟ್ಟ ಹಣದ ಮೇಲೆ ನಿಂತಿದೆ. 50 ಲಕ್ಷ ರೂಪಾಯಿಗಳ ವರೆಗೆ ಕೊಟ್ಟಿದ್ದವರು ಜಿಲ್ಲಾ ಆಯೋಗಕ್ಕೆ ಹೋಗಬಹುದು. ಕೊಟ್ಟುದು 5 ಲಕ್ಷವನ್ನು ಮೀರದಿದ್ದರೆ ಶುಲ್ಕವೇ ಇಲ್ಲ. ಎಂದರೆ ಹಾಸನದ ಅಥವಾ ಬಿಜಾಪುರದ ಒಬ್ಬ ಶಾಲಾಮಾಸ್ತರರು, ತಮ್ಮ ಜಿಲ್ಲೆಯ ಮುಖ್ಯಪಟ್ಟಣದಲ್ಲಿಯೇ, ಒಂದು ಕಾಸಿನ ಸ್ಟಾಂಪಿಲ್ಲದೆ, ಒಂದು ಕೋಟಿಯ ಪರಿಹಾರವನ್ನೂ ಬೇಡಬಹುದು. ಆದರೆ 2 ವರ್ಷಗಳ ಅವಧಿ ಮೀರಕೂಡದು. ಮೀರಿದರೆ ತಡವಾದುದಕ್ಕೆ ತಕ್ಕ ಕಾರಣವನ್ನು ತೋರಿಸಿ ಕ್ಷಮೆ ಕೇಳಬೇಕು.

ಯಾರಿಂದಲೂ ಹಣ ಪಡೆಯದ ಸರಕಾರಿ ಆಸ್ಪತ್ರೆಗೆ 1995ರ ತೀರ್ಪಿನಂತೆ ಗ್ರಾಹಕ ಕಾಯಿದೆ ಹತ್ತುವುದಿಲ್ಲ. ಬಡವರ ಹೆರಿಗೆ ನಡೆಯುವುದು ಹೆಚ್ಚಾಗಿ ಅಲ್ಲಿಯೇ ಎಂಬುದನ್ನು ನೆನೆದರೆ ಇದೊಂದು ವಿಪರ್ಯಾಸ. ಆದರೆ ಅಲ್ಲಿಯೂ ಬಾಗಿಲು ಮುಚ್ಚಿಲ್ಲ. ಸಕಾಲದ ಚಿಕಿತ್ಸೆಯನ್ನು ಸರಕಾರಿ ಆಸ್ಪತ್ರೆ ನಿರಾಕರಿಸಿದರೆ ಅದು ರಾಜ್ಯಘಟನೆಯ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಭಂಗವೆಂದು ಬಂಗಾಲದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಸಾರಿತು. ದೆಹಲಿಯಲ್ಲಿ ಒಬ್ಬ ನಿರ್ಗತಿಕ ಸ್ತ್ರೀ ಸೂತಿಕಾಗೃಹದ ಆಸರೆ ಸಿಗದೆ ಮರದ ಕೆಳಗೆ, ಹಾದಿಹೋಕರ ಕಣ್ಣೆದುರಿಗೆ ಹೆತ್ತಳು. 2010ರಲ್ಲಿ ಅಲ್ಲಿಯ ಹೈಕೋರ್ಟು ಅವಳಿಗೆ ಪರಿಹಾರ ಕೊಡಿಸಿತು. ಸಿವಿಲ್ ದಾವೆಯ ದಾರಿಯೂ ಇದೆ. ಅದರಲ್ಲಿ ಕೋರ್ಟು ಫೀಜಿನ ಭಾರವಿದ್ದರೂ ಒಂದು ಅನುಕೂಲವುಂಟು: ಮಗುವಿನ ಹೆಸರಿನ ದಾವೆಗೆ, ಅದು ಪ್ರಾಯಕ್ಕೆ ಬರುವ ವರೆಗೆ ಕಾಲಮಿತಿ ಓಡುವುದಿಲ್ಲ. ಇವೆಲ್ಲಕ್ಕಿಂತ ಕಡಮೆ ಮಂದಿಗೆ ತಿಳಿದುದು ಖಾಯಂ ಲೋಕ ಅದಾಲತ್ತು. ಆಸ್ಪತ್ರೆಯ ಸೇವೆಯೂ ಅದರ ವ್ಯಾಪ್ತಿಯಲ್ಲಿದೆ. 1 ಕೋಟಿ ರೂಪಾಯಿಗಳ ವರೆಗಿನ ವ್ಯಾಜ್ಯವನ್ನು ಅದು ಶುಲ್ಕವಿಲ್ಲದೆ ಕೈಗೆತ್ತಿಕೊಳ್ಳುತ್ತದೆ. ರಾಜಿ ಮುರಿದುಬಿದ್ದರೆ ತಾನೇ ತೀರ್ಪನ್ನೂ ಕೊಡಬಲ್ಲದು.

ಬಾಗಿಲುಗಳು ಇಷ್ಟಿದ್ದರೂ ಒಳಹೋಗಿಸುವವರು ಬೇಕು. ಅಮೆರಿಕದಲ್ಲಿ ಇಂಥ ಮೊಕದ್ದಮೆಗಳಿಗೆಂದೇ ವಕೀಲರ ದೊಡ್ಡದೊಡ್ಡ ಕಚೇರಿಗಳಿವೆ. ಗೆದ್ದರೆ ಬಂದ ಹಣದಲ್ಲಿ ಪಾಲು, ಸೋತರೆ ಸೊನ್ನೆ ಎಂಬ ಕರಾರಿನ ಮೇಲೆ ಅವರು ವಾದಿಸುವರು. ರಸ್ತೆಯ ಬದಿಯ ದೊಡ್ಡ ಫಲಕಗಳಲ್ಲಿ ತಮ್ಮ ಭಾವಚಿತ್ರ ಹಾಕಿ ಕರೆಯುವರು. ನಮ್ಮ ವಕೀಲರಿಗೆ ಇವೆರಡೂ ನಿಷಿದ್ಧ. ಫಲದಲ್ಲಿ ಪಾಲು ಕೇಳಕೂಡದು, ಜಾಹೀರಾತು ಕೊಡಕೂಡದು ಎಂಬುದು ವಕೀಲರ ಪರಿಷತ್ತಿನ ನಿಯಮ. ಈ ನಿಯಮ ಒಳ್ಳೆಯದೆಂದೇ ನಾವು ಬಗೆದಿದ್ದೇವೆ. ಸಂಕಟವನ್ನು ಸಂತೆಯ ಸರಕು ಮಾಡುವುದು ನಮಗೆ ಒಗ್ಗದು. ಆದರೆ ಇದರ ಫಲವೇನು? ಮೊದಲೇ ಸೂತಿಕಾಗೃಹದ ಬಿಲ್ಲಿನಿಂದ ಸೊರಗಿದ ಸಂಸಾರವು ವಕೀಲರಿಗೆ ಮುಂಗಡ ಕೊಡಲಾರದು. ಯಾವ ವಕೀಲರಿಗೆ ವೈದ್ಯಕೀಯ ದಾಖಲೆ ಓದಲು ಬರುವುದೆಂಬುದನ್ನು ತಿಳಿಯುವ ದಾರಿಯೂ ಅದಕ್ಕೆ ಇಲ್ಲ. ವಕೀಲರು ಸಾರಿಕೊಳ್ಳಬಾರದೆಂದಾದರೆ ಸರಕಾರವೇ ಸಾರಬೇಕಾಗುತ್ತದೆ.

ಸಾರುವುದಕ್ಕೆ ಸರಕಾರದ ಕೈಯಲ್ಲಿ ಸಾಮಗ್ರಿ ಇಲ್ಲವೆಂದಲ್ಲ. 1987ರಲ್ಲಿ ಪಾಸಾಗಿ 1995ರ ನವೆಂಬರ್ 9ರಂದು ಜಾರಿಗೆ ಬಂದ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮು, ಸ್ತ್ರೀಯರಿಗೂ ಮಕ್ಕಳಿಗೂ ಅಂಗವಿಕಲರಿಗೂ ಧರ್ಮಾರ್ಥ ಕಾನೂನು ನೆರವಿನ ಹಕ್ಕನ್ನು ಕೊಟ್ಟಿದೆ. ಇವರ ಮಟ್ಟಿಗೆ ವರಮಾನದ ಮಿತಿಯಿಲ್ಲ. ಹೆರಿಗೆಯಲ್ಲಿ ನೊಂದ ಕೂಸಿನ ಮೊಕದ್ದಮೆಯಲ್ಲಿ ಫಿರ್ಯಾದಿಗಳು ಯಾರು? ತಾಯಿ, ಸ್ತ್ರೀ, ಕೂಸು, ಮಗುವೂ ಹೌದು ಅಂಗವಿಕಲವೂ ಹೌದು. ಒಂದಲ್ಲ, ಮೂರು ದಾರಿಗಳಿಂದ ಆ ಸಂಸಾರಕ್ಕೆ ಹಕ್ಕು ಬರುತ್ತದೆ. ಗುಮಾಸ್ತರ ಹೆಂಡತಿಗೂ ಕೂಲಿಯವನ ಹೆಂಡತಿಗೂ ಅದು ಒಂದೇ. ಮೊಕದ್ದಮೆಯಲ್ಲಿ ಮೇಲುನೋಟಕ್ಕೆ ಹುರುಳಿದೆಯೆಂದು ಕಂಡರೆ ಸಾಕು. ನೆರವು ಸಿವಿಲ್ ಕೋರ್ಟಿಗೆ ಮಾತ್ರವಲ್ಲ, ಗ್ರಾಹಕ ಆಯೋಗದಂಥ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ವಕೀಲರ ಫೀಜಿನ ಜೊತೆಗೆ ಕೋರ್ಟಿನ ಫೀಜೂ ಅದರಲ್ಲಿ ಅಡಕವಾಗಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಪ್ರಾಧಿಕಾರ, ತಾಲೂಕಿನ ನ್ಯಾಯಾಲಯದಲ್ಲಿ ತಾಲೂಕು ಸಮಿತಿ ಇವೆ. 15100 ಎಂಬ ಟೆಲಿಫೋನ್ ಸಂಖ್ಯೆಯಿದೆ. ಹೆರಿಗೆ ಆಸ್ಪತ್ರೆಗಳ ಗೋಡೆಗಳ ಮೇಲೆ ತಾಯಿಯ ಹಾಲಿನ ಮಹಿಮೆಯನ್ನೂ ಮಂತ್ರಿಗಳ ನಗುಮುಖವನ್ನೂ ನಾವು ಧಾರಾಳವಾಗಿ ಕಂಡಿದ್ದೇವೆ. ಈ ಐದು ಅಂಕಿಗಳನ್ನು ಕಂಡ ನೆನಪು ನಮಗಿಲ್ಲ.

ನ್ಯಾಯ ದೊರೆತರೆ ಎಂಥದು, ಎಷ್ಟು ತಡವಾದುದು ಎಂಬುದಕ್ಕೆ ಚೆನ್ನೈಯ ಒಂದು ಮೊಕದ್ದಮೆ ಸಾಕ್ಷಿ. 1996ರ ಆಗಸ್ಟಿನಲ್ಲಿ ಎಗ್ಮೋರಿನ ಸರಕಾರಿ ಹೆರಿಗೆ ಆಸ್ಪತ್ರೆಯಲ್ಲಿ 29ನೆಯ ವಾರಕ್ಕೇ ಒಂದು ಹೆಣ್ಣು ಕೂಸು ಹುಟ್ಟಿತು. ತೂಕ 1250 ಗ್ರಾಂ. ದಿನ ತುಂಬದೆ ಹುಟ್ಟಿ ಪ್ರಾಣವಾಯುವಿನ ಆರೈಕೆಯಲ್ಲಿ ಬೆಳೆದ ಕೂಸುಗಳ ಕಣ್ಣಿನ ಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು ದೃಷ್ಟಿ ಹೋಗುವ ಅಪಾಯವುಂಟು. ಮೊದಲ ಕೆಲವು ವಾರಗಳಲ್ಲಿ ಕಣ್ಣನ್ನು ಪರೀಕ್ಷಿಸಿದರೆ ತಡೆಯಬಹುದು. ಸುಮಾರು 25 ದಿನ ಇಟ್ಟುಕೊಂಡು ಕೂಸನ್ನು ಮನೆಗೆ ಕಳುಹಿಸಿದವರು ಈ ಪರೀಕ್ಷೆಯನ್ನು ಮಾಡಲೂ ಇಲ್ಲ, ಮಾಡಿಸಿರೆಂದು ಹೇಳಲೂ ಇಲ್ಲ. ತಿಂಗಳುಗಳ ಮೇಲೆ ತಿಳಿದಾಗ ಎರಡೂ ಕಣ್ಣು ಹೋಗಿದ್ದವು. ರಾಷ್ಟ್ರೀಯ ಗ್ರಾಹಕ ಆಯೋಗವು 5 ಲಕ್ಷ ರೂಪಾಯಿ ಕೊಡಿಸಿತು. ತಂದೆ ಬಿಡಲಿಲ್ಲ. ಸುಪ್ರೀಂ ಕೋರ್ಟು 2015ರ ಜುಲೈ 1ರಂದು, ಹಿಂದಿನ ಖರ್ಚಿನ ಬಾಬ್ತು 42 ಲಕ್ಷಕ್ಕೂ ಮಿಕ್ಕು, ಮುಂದಿನ ಆರೈಕೆಯ ಬಾಬ್ತು 1 ಕೋಟಿ 38 ಲಕ್ಷ ರೂಪಾಯಿಗಳನ್ನು ಕೊಡಬೇಕೆಂದು ಆಜ್ಞೆ ಮಾಡಿತು. ಏರುವ ಬೆಲೆಗಳನ್ನೂ ಲೆಕ್ಕಕ್ಕೆ ಹಿಡಿಯಿತು. ಆ ತೀರ್ಪನ್ನು ಕಿವಿಯಿಂದ ಕೇಳುವ ಹೊತ್ತಿಗೆ ಆ ಕೂಸು 18 ವರ್ಷ ದಾಟಿದ ಯುವತಿಯಾಗಿದ್ದಳು. ಗ್ರಾಹಕರ ದೂರನ್ನು 3 ತಿಂಗಳಲ್ಲಿ, ಹೆಚ್ಚೆಂದರೆ 5 ತಿಂಗಳಲ್ಲಿ ಮುಗಿಸಬೇಕೆಂಬ ಆಶಯವು ಕಾಯಿದೆಯ ಪುಸ್ತಕದಲ್ಲಿ ಸುಖವಾಗಿ ಮಲಗಿದೆ.

ವೈದ್ಯರ ಪಕ್ಷದ ಮಾತನ್ನೂ ಕೇಳಬೇಕು. 2022ರ ಮಾರ್ಚಿಯಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯಲ್ಲಿ, ಹೆರಿಗೆಯ ಮೇಲಿನ ರಕ್ತಸ್ರಾವದಿಂದ ಒಬ್ಬ ಬಾಣಂತಿ ತೀರಿಕೊಂಡಾಗ, ಜನ ಆಸ್ಪತ್ರೆಯ ಮುಂದೆ ನೆರೆದರು, ಪೋಲೀಸರು ಕೊಲೆಯ ಕಲಮನ್ನೇ ಹಚ್ಚಿದರು. ಆ ವೈದ್ಯೆ ಮರುದಿನ ನೇಣು ಹಾಕಿಕೊಂಡಳು. ಇದು ನ್ಯಾಯವಲ್ಲ, ಸೇಡು; ಅದೂ ಗುರಿತಪ್ಪಿದ ಸೇಡು. ಸುಪ್ರೀಂ ಕೋರ್ಟು 2005ರಲ್ಲಿಯೇ, ಘೋರ ನಿರ್ಲಕ್ಷ್ಯವಿಲ್ಲದೆ ವೈದ್ಯರ ಮೇಲೆ ಕ್ರಿಮಿನಲ್ ಆರೋಪ ನಿಲ್ಲದು, ಸ್ವತಂತ್ರ ವೈದ್ಯರ, ವಿಶೇಷವಾಗಿ ಸರಕಾರಿ ಸೇವೆಯಲ್ಲಿರುವವರ, ಅಭಿಪ್ರಾಯ ಪಡೆಯದೆ ಪೋಲೀಸರು ಮುಂದುವರಿಯಬಾರದು ಎಂದು ವಿಧಿಸಿತ್ತು. ಪರಿಹಾರದ ದಾವೆಯ ಅಳತೆ ಬೇರೆ. ಆ ಸನ್ನಿವೇಶದಲ್ಲಿ ಸಾಮಾನ್ಯ ಕುಶಲತೆಯುಳ್ಳ ವೈದ್ಯರು ಮಾಡತಕ್ಕುದನ್ನು ಇವರು ಮಾಡಿದರೆ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ತಜ್ಞರ ಸಾಕ್ಷ್ಯ ಬೇಕಾಗುತ್ತದೆ. ಒಬ್ಬ ವೈದ್ಯರು ಇನ್ನೊಬ್ಬರ ಮೇಲೆ ನುಡಿಯಲು ಒಲ್ಲರು. ತಪ್ಪು ತಾನಾಗಿಯೇ ಎದ್ದು ಕಾಣುವಲ್ಲಿ ತಜ್ಞರ ಸಾಕ್ಷ್ಯ ಕಡ್ಡಾಯವಲ್ಲವೆಂದು 2010ರ ತೀರ್ಪೊಂದು ಹೇಳಿದುದು ಈ ತೊಡಕನ್ನು ಸ್ವಲ್ಪ ಸಡಿಲಿಸಿದೆ.

ಹಾಗೆ ನೋಡಿದರೆ, ತಪ್ಪು ಯಾರದೆಂಬ ಹೋರಾಟ ಮುಗಿಯುವ ವರೆಗೆ ಕೂಸಿನ ಔಷಧ ಕಾಯಲಾರದು. ಬ್ರಿಟನ್ನಿನಲ್ಲಿ ಮಧುಮೇಹವಿದ್ದ ಕುಳ್ಳ ದೇಹದ ತಾಯಿಗೆ ಭುಜ ಸಿಕ್ಕುವ ಅಪಾಯವನ್ನು ಮುಂದಾಗಿ ತಿಳಿಸಲಿಲ್ಲವೆಂಬ ಕಾರಣಕ್ಕಾಗಿ, 1999ರಲ್ಲಿ ಹುಟ್ಟಿದ ಮಗುವಿಗೆ ಅಲ್ಲಿಯ ಪರಮೋಚ್ಚ ನ್ಯಾಯಾಲಯವು 2015ರಲ್ಲಿ 52 ಲಕ್ಷ 50 ಸಾವಿರ ಪೌಂಡುಗಳ ಪರಿಹಾರಕ್ಕೆ ದಾರಿಮಾಡಿತು. ತತ್ತ್ವ ಬಹು ದೊಡ್ಡದು. ಕಾದುದು 16 ವರ್ಷ. ಜಪಾನಿನವರು ಬೇರೆ ಹಾದಿ ಹಿಡಿದರು. 2009ರ ಜನವರಿಯಿಂದ ಅಲ್ಲಿ, ನಿಬಂಧನೆಗಳಿಗೆ ಒಳಪಟ್ಟು, ಹೆರಿಗೆಗೆ ಸಂಬಂಧಿಸಿ ತೀವ್ರ ಮೆದುಳಿನ ಪಾರ್ಶ್ವವಾಯು ತಗಲಿದ ಮಗುವಿಗೆ, ತಪ್ಪು ಯಾರದೆಂದು ಕೇಳದೆ ಒಟ್ಟು 3 ಕೋಟಿ ಯೆನ್ನುಗಳು ಕಂತುಕಂತಾಗಿ ಸಲ್ಲುತ್ತವೆ. ಅದಕ್ಕಿಂತ ಮೇಲಾದ ಸಂಗತಿಯೆಂದರೆ, ತಜ್ಞರ ಮಂಡಲಿಯೊಂದು ಪ್ರತಿಯೊಂದು ಹೆರಿಗೆಯ ದಾಖಲೆಯನ್ನೂ ಶೋಧಿಸಿ, ಕಾರಣವನ್ನು ಬರೆದು, ತಂದೆತಾಯಿಗಳಿಗೂ ಆಸ್ಪತ್ರೆಗೂ ಕೊಡುತ್ತದೆ. ಅಮೆರಿಕದ ವರ್ಜೀನಿಯಾ, ಫ್ಲಾರಿಡಾ ಸಂಸ್ಥಾನಗಳಲ್ಲಿ 1980ರ ದಶಕದ ಕೊನೆಯಿಂದ ಇಂಥದೇ ನಿಧಿಗಳಿವೆ.

ನಮ್ಮಲ್ಲಿ ಸದ್ಯಕ್ಕೆ ಇರುವುದು, 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಕೆಳಗಿನ "ನಿರಾಮಯ" ವಿಮೆ. ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗೆ ವರ್ಷಕ್ಕೆ 1 ಲಕ್ಷ ರೂಪಾಯಿಗಳ ವರೆಗೆ ಅದರಿಂದ ನೆರವುಂಟು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ಪ್ರಮಾಣಪತ್ರ ಪಡೆದರೆ ಇತರ ಸೌಲಭ್ಯಗಳೂ ಇವೆ. ಮೊಕದ್ದಮೆ ನಡೆಯುತ್ತಿರುವಾಗ ಇವನ್ನು ಪಡೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಹಲವರು ಅಡ್ಡಿಯುಂಟೆಂದು ತಿಳಿದು ಬಿಟ್ಟುಬಿಡುವರು.

ಕರ್ನಾಟಕ ಸರಕಾರಕ್ಕೆ ಜಪಾನಿನ ನಿಧಿಯನ್ನು ನಾಳೆಯೇ ಕಟ್ಟಿರೆಂದು ನಾವು ಹೇಳುವುದಿಲ್ಲ; ಅದಕ್ಕೆ ಹಣ ಬೇಕು, ಕಾಯಿದೆ ಬೇಕು. ಆದರೆ ಹೆರಿಗೆಯಲ್ಲಿ ಉಸಿರುಗಟ್ಟಿ ಹುಟ್ಟಿದ ಪ್ರತಿಯೊಂದು ಕೂಸಿನ ದಾಖಲೆಯ ಒಂದು ಪ್ರತಿಯನ್ನು, ಕೇಳುವ ಮೊದಲೇ, ಆಸ್ಪತ್ರೆ ಬಿಡುವ ದಿನ ತಾಯಿಯ ಕೈಗೆ ಕೊಡಬೇಕೆಂದು ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಲು ಶಾಸನಸಭೆಯ ಒಪ್ಪಿಗೆ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ತನ್ನ ಪಟ್ಟಿಯ ವಕೀಲರಲ್ಲಿ ಇಬ್ಬರಿಗಾದರೂ, ಸರಕಾರಿ ವೈದ್ಯಕೀಯ ಕಾಲೇಜಿನ ಪ್ರಸೂತಿ ವಿಭಾಗದವರಿಂದ ಈ ದಾಖಲೆಗಳನ್ನು ಓದುವ ಶಿಕ್ಷಣ ಕೊಡಿಸುವುದಕ್ಕೆ ವಾರದ ರಜೆಯ ಎರಡು ದಿನ ಸಾಕು. 15100 ಎಂದು ಬಾಣಂತಿಯರ ವಾರ್ಡಿನ ಬಾಗಿಲ ಮೇಲೆ ಬರೆಯಿಸುವುದಕ್ಕೆ ಒಂದು ಡಬ್ಬಿ ಬಣ್ಣ ಬೇಕು. ನಮ್ಮ ವಾಚಕರಲ್ಲಿ ಜಿಲ್ಲಾ ಆಸ್ಪತ್ರೆಗಳ ಅಧಿಕಾರಿಗಳೂ ಪುರಸಭೆಯ ಸದಸ್ಯರೂ ಇದ್ದಾರೆ. ಯಾವ ಊರಿನಲ್ಲಿ ಇದು ಮೊದಲು ನಡೆಯಿತೆಂದು ತಿಳಿಸಿದರೆ ಆ ವರ್ತಮಾನವನ್ನು ಈ ಪುಟದಲ್ಲಿಯೇ ಅಚ್ಚುಹಾಕುತ್ತೇವೆ.